ಮೂಡಲಪಾಯ: ಮೊದಲು ಬರಿದಾಗುತ್ತಿರುವುದು ಹಿಮ್ಮೇಳ

ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗದ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಮುಖವೀಣೆಯವರು ಕೂರುತ್ತಿದ್ದ ಜಾಗಕ್ಕೆ ಹಾರ್ಮೋನಿಯಂ ಬಂದು ಕೂತಿದೆ. ಊದುವವರು ಸಿಗದಿದ್ದಾಗ ಮೇಳದವರು ಮಾಡಿಕೊಂಡ ಏರ್ಪಾಡು ಇದು, ಅವರನ್ನು ದೂರುವಂತಿಲ್ಲ. ಆದರೆ ಇದನ್ನು ಅಪಾಯದ ಸೂಚನೆ ಎಂದು ಈಗಲೇ ಗುರುತಿಸದೆ ಹೋದರೆ, ಇನ್ನು ಕೆಲವೇ ವರ್ಷಗಳಲ್ಲಿ ನಮಗೆ ಉಳಿಯುವುದು ಕಿರೀಟ, ಭುಜಕೀರ್ತಿಗಳು ಮಾತ್ರ.

ಮುಖವೀಣೆ ನಾಗಸ್ವರದ ಕುಲಕ್ಕೆ ಸೇರಿದ ಗೇಣುದ್ದದ ವಾದ್ಯ. ದನಿ ಕೀರಲು, ಬಯಲಿನಲ್ಲಿ ಬಹಳ ದೂರ ಕೇಳುತ್ತದೆ. ಭಾಗವತರು ದರು, ಅಂದರೆ ಆಟದ ಹಾಡು, ಎತ್ತಿದರೆ ಅದು ಬೆನ್ನಿಗೇ ಹೋಗುತ್ತದೆ, ಅವರು ಉಸಿರು ತೆಗೆದುಕೊಳ್ಳುವ ಸಂದಿಯನ್ನು ತುಂಬುತ್ತದೆ, ಮದ್ದಳೆ ಬಿರುಸಾದಾಗ ಕುಣಿಯುವವನ ಕಾಲಿಗೆ ಕಸುವು ಕೊಡುತ್ತದೆ. ಹಾರ್ಮೋನಿಯಂ ಬಂದಾಗ ಬದಲಾಗುವುದು ದನಿಯೊಂದೇ ಅಲ್ಲ. ಅದರ ಮನೆಗಳಿಗೆ ತಕ್ಕಂತೆ ಹಾಡಿನ ಬಾಗು ಬಳುಕು ನೇರವಾಗುತ್ತದೆ, ಕಂಪನಿ ನಾಟಕದ ಮಟ್ಟುಗಳು ಒಳಗೆ ನುಸುಳುತ್ತವೆ. ಆಮೇಲೆ ಬರುವ ಹುಡುಗರಿಗೆ ಅದೇ ಮೂಡಲಪಾಯ.

ಈ ಆಟ ಉಳಿದುಬಂದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕರಾವಳಿಯಂತೆ ಇಲ್ಲಿ ದೇವಸ್ಥಾನಕ್ಕೆ ಸೇರಿದ, ಆರು ತಿಂಗಳು ತಿರುಗಾಟ ಮಾಡುವ ಮೇಳಗಳಿಲ್ಲ. ಕಟೀಲಿನ ಮೇಳಗಳಿಗೆ ಹರಕೆಯಾಟ ಹೇಳಿಕೊಂಡು ಜನ ವರ್ಷಗಟ್ಟಲೆ ಕಾಯುತ್ತಾರೆ. ಆ ಭಾಗ್ಯ ಮೂಡಲಪಾಯಕ್ಕಿಲ್ಲ. ಇಲ್ಲಿ ಆಡುವವರು ಊರಿನವರೇ. ಸುಗ್ಗಿ ಮುಗಿಯುವ ಹೊತ್ತಿಗೆ ಭಾಗವತರನ್ನು ಗೊತ್ತು ಮಾಡಿ, ಗುಡಿಯ ಅಂಗಳದಲ್ಲೋ ಯಾರದಾದರೂ ಪಡಸಾಲೆಯಲ್ಲೋ ರಾತ್ರಿ ಊಟವಾದ ಮೇಲೆ ಕಲಿಕೆ. ಹಗಲು ಕಣದಲ್ಲಿ ರಾಗಿ ಬಡಿದವನು ರಾತ್ರಿ ಅಲ್ಲಿ ಪ್ರಸಂಗದ ನಾಯಕ ಕರಿಭಂಟ. ಎರಡು ಮೂರು ತಿಂಗಳು ಹೀಗೆ ನಡೆದು, ಜಾತ್ರೆಗೋ ಯುಗಾದಿಯ ಆಸುಪಾಸಿನಲ್ಲೋ ಒಂದು ಇಡೀ ರಾತ್ರಿಯ ಆಟ. ನೋಡುವವರಿಗೆ ಕಾಣುವುದು ಆ ಒಂದು ರಾತ್ರಿ. ಕಲೆ ಒಬ್ಬರಿಂದ ಒಬ್ಬರಿಗೆ ದಾಟುವುದು ಮಾತ್ರ ಅದಕ್ಕೂ ಹಿಂದಿನ ಆ ತಿಂಗಳುಗಳಲ್ಲಿ.

'ಟೀವಿ, ಮೊಬೈಲು ಬಂದವು, ಜನಕ್ಕೆ ಆಸಕ್ತಿ ಹೋಯಿತು' ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಇದೇ ಮಂಡ್ಯ, ತುಮಕೂರಿನ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಇವತ್ತಿಗೂ ರಾತ್ರಿಯಿಡೀ ನಡೆಯುತ್ತದೆ. ಪಾತ್ರಕ್ಕೆ ಇಷ್ಟು ಎಂದು ಕೈಯಿಂದ ಹಣ ಹಾಕಿ ದುರ್ಯೋಧನ, ಭೀಮ, ಶಕುನಿಯಾಗುವ ರೈತರು, ಡ್ರೈವರುಗಳು, ಮೇಷ್ಟರುಗಳಿದ್ದಾರೆ. ಸೀನರಿ ಬಾಡಿಗೆಗೆ ತರುತ್ತಾರೆ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡುತ್ತಾರೆ. ಹಳ್ಳಿಗೆ ಆಡುವ ಹುಚ್ಚು ಬಿಟ್ಟಿಲ್ಲ. ರಾತ್ರಿ ಕೂತು ಕಲಿಯುವ ತಾಳ್ಮೆಯೂ ಹೋಗಿಲ್ಲ. ನಾಟಕಕ್ಕೆ ಕಲಿಸುವ ಮೇಷ್ಟ್ರು ಸಿಗುತ್ತಾರೆ, ಮೂಡಲಪಾಯಕ್ಕೆ ಭಾಗವತರು ಸಿಗುವುದಿಲ್ಲ. ಕೊರತೆ ಇರುವುದು ಅಲ್ಲಿ.

ಭಾಗವತರಾಗುವುದು ಒಂದು ಸುಗ್ಗಿಯ ಕೆಲಸವಲ್ಲ. ಪ್ರಸಂಗದ ಕಂದ, ದ್ವಿಪದಿ, ದರುಗಳೆಲ್ಲ ಬಾಯಿಗೆ ಬರಬೇಕು; ತಾಳ ಕೈಯಲ್ಲಿರಬೇಕು; ಯಾವ ಪಾತ್ರ ಹೇಗೆ ಹೆಜ್ಜೆ ಹಾಕಬೇಕು, ತೆರೆಯ ಹಿಂದಿನಿಂದ ಹೇಗೆ ಬರಬೇಕು, ಪಾತ್ರಗಳನ್ನು ಮಾತಾಡಿಸುವ ಸಾರಥಿಯ ಪ್ರಶ್ನೆಗೆ ಎಷ್ಟು ಎತ್ತರದ ದನಿಯಲ್ಲಿ ಉತ್ತರಿಸಬೇಕು ಎಲ್ಲವನ್ನೂ ಕಲಿಸಬೇಕು. ಮನೆಯ ಟ್ರಂಕಿನಲ್ಲಿರುವ ಕೈಬರಹದ ಪುಸ್ತಕದಲ್ಲಿ ಪದ ಸಿಗುತ್ತದೆ, ಮಟ್ಟು ಸಿಗುವುದಿಲ್ಲ. ಮುಖವೀಣೆಗಂತೂ ಪುಸ್ತಕವೇ ಇಲ್ಲ.

ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರಂಥವರು ಮೂಡಲಪಾಯವನ್ನು ವಿದ್ವಾಂಸರ ಕಣ್ಣಿಗೆ ತಂದರು. ತಿಪಟೂರು ತಾಲ್ಲೂಕಿನ ಅರಳಗುಪ್ಪೆ, ಕೊನೇಹಳ್ಳಿಗಳ ಮೇಳಗಳು ಕಷ್ಟದ ಕಾಲದಲ್ಲೂ ಕೈಬಿಡಲಿಲ್ಲ. ಆ ಮೇಳಗಳಿಗೆ ಈ ನಾಡು ಋಣಿಯಾಗಿರಬೇಕು.

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಅಕಾಡೆಮಿ ಇದೆ, ಪ್ರಶಸ್ತಿ ಇದೆ, ವಯಸ್ಸಾದ ಕಲಾವಿದರಿಗೆ ಮಾಸಾಶನ ಇದೆ. ಮಾಸಾಶನ ಇನ್ನೂ ಹೆಚ್ಚಾಗಲಿ, ಸಕಾಲಕ್ಕೆ ಕೈಸೇರಲಿ. ಆದರೆ ಆ ಹಣ ಬರುವುದು ಕಲಾವಿದರು ದಣಿದ ಮೇಲೆ; ಅವರ ಬಳಿ ಕೂತು ಕಲಿಯುವ ಹುಡುಗನಿಗೆ ಅದರಿಂದ ದಾರಿಯಾಗುವುದಿಲ್ಲ. ಉಳಿದ ದುಡ್ಡು ಉತ್ಸವಗಳಿಗೆ ಹೋಗುತ್ತದೆ. ಮೆರವಣಿಗೆಯಲ್ಲಿ ಎರಡು ವೇಷ, ವೇದಿಕೆಯ ಮೇಲೆ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷಕ್ಕೆ ಯುದ್ಧದ ಕುಣಿತ ಸಾಕು. ಹೀಗೆ ಇಡೀ ರಾತ್ರಿ ಹಾಡಬಲ್ಲ ಭಾಗವತರಿಗೂ ಎರಡು ಪದ ಬಲ್ಲವರಿಗೂ ಒಂದೇ ಬೆಲೆಯಾಗಿದೆ.

ಪರಂಪರೆಯ ಕಲೆಗಳ ರಕ್ಷಣೆಗಾಗಿ ಯುನೆಸ್ಕೊ 2003ರಲ್ಲಿ ರೂಪಿಸಿದ ಒಡಂಬಡಿಕೆಗೆ ಭಾರತ 2005ರಲ್ಲಿ ಸೇರಿತು. ಆ ಕಲೆಗಳನ್ನು ಆಡುವ ಜನರನ್ನೇ ಜೊತೆಗಿಟ್ಟುಕೊಂಡು ಅವುಗಳ ಪಟ್ಟಿ ಮಾಡುವುದು ಅದರ ಮುಖ್ಯ ಕರ್ತವ್ಯಗಳಲ್ಲೊಂದು. ನಮಗೆ ಬೇಕಿರುವುದು ಕಲೆಗಳ ಹೆಸರಿನ ಪಟ್ಟಿಯಲ್ಲ. ಈ ತಾಲ್ಲೂಕಿನಲ್ಲಿ ಇಡೀ ಪ್ರಸಂಗ ನಡೆಸಬಲ್ಲ ಭಾಗವತರು ಎಷ್ಟು ಜನ, ಅವರ ವಯಸ್ಸೆಷ್ಟು, ಯಾವ ಪ್ರಸಂಗಗಳು ಬಾಯಿಗೆ ಬರುತ್ತವೆ, ಮುಖವೀಣೆ ಊದುವವರು ಯಾವ ಊರಿನಲ್ಲಿದ್ದಾರೆ, ಅವರ ಬಳಿ ಕಲಿಯುತ್ತಿರುವವರು ಯಾರಾದರೂ ಇದ್ದಾರೆಯೇ ಎಂಬ ಲೆಕ್ಕ ಬೇಕು. ದೊಡ್ಡ ಖರ್ಚಿನ ಕೆಲಸವಲ್ಲ ಇದು. ಆಯಾ ತಾಲ್ಲೂಕಿನ ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ಮನಸ್ಸು ಮಾಡಿದರೆ ಒಂದು ವರ್ಷದೊಳಗೆ ಮುಗಿಯುತ್ತದೆ.

ಆಮೇಲೆ ಹಣದ ದಿಕ್ಕು ಬದಲಾಗಬೇಕು. ಪ್ರದರ್ಶನಕ್ಕೆ ಕೊಡುವ ಸಂಭಾವನೆಯ ಜೊತೆಗೆ ಕಲಿಕೆಯ ತಿಂಗಳುಗಳಿಗೂ ಕೊಡಲಿ: ಊರು ಆಟ ಕಲಿಯಲು ಮುಂದೆ ಬಂದರೆ ಭಾಗವತರಿಗೂ ಮುಖವೀಣೆ, ಮದ್ದಳೆಯವರಿಗೂ ಮೂರು ತಿಂಗಳ ಗೌರವಧನ. ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ಕಿರಿಯರು ಕೂತಿರಬೇಕು ಎಂಬುದೊಂದೇ ಷರತ್ತು. ಆ ಕಿರಿಯರಿಗೂ ಸಂಬಳ ಬೇಕು. ಓದಿದ ಹುಡುಗನೊಬ್ಬ ಮುಖವೀಣೆಗಾಗಿ ಬೆಂಗಳೂರಿನ ಕೆಲಸ ಬಿಡಲಿ ಎಂದು ಬರಿಗೈಯಲ್ಲಿ ಹೇಳಲಾಗದು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಲಿ. ಕರಾವಳಿಯಲ್ಲಿ ಅವರು ಭಾಗವತಿಕೆಗೆ ಕೂತು ಜನರ ಮೆಚ್ಚುಗೆ ಪಡೆದಿದ್ದಾರೆ. ಕುರುಕ್ಷೇತ್ರ ಆಡುವ ತಂಡಗಳನ್ನು ಎದುರಾಳಿಗಳೆಂದು ನೋಡುವುದೂ ಬೇಡ. ಮೂಡಲಪಾಯದ ಮುಂದಿನ ವೇಷಧಾರಿಗಳು ಬರಬೇಕಾದದ್ದು ಅಲ್ಲಿಂದಲೇ.

ಸಂಕ್ರಾಂತಿ ದಾಟುತ್ತಿದ್ದಂತೆ ಹೊಲದ ಕೆಲಸ ಇಳಿಯುತ್ತದೆ, ಊರುಗಳು ಈ ವರ್ಷ ಏನು ಆಡುವುದೆಂದು ಮಾತಾಡಿಕೊಳ್ಳುತ್ತವೆ. ಆ ಹೊತ್ತಿಗೆ ತಿಪಟೂರು, ನಾಗಮಂಗಲದಂಥ ಕೆಲವು ತಾಲ್ಲೂಕುಗಳಲ್ಲಾದರೂ ಈ ಗೌರವಧನದ ಆದೇಶ ಗ್ರಾಮ ಪಂಚಾಯಿತಿಯ ಬಾಗಿಲಿಗೆ ಬಂದಿರಬೇಕು.