ಮುಖವನ್ನಲ್ಲ, ಊಟದ ಹರಿವಾಣವನ್ನು ತಿದ್ದೋಣ

ಹರೆಯಕ್ಕೆ ಕಾಲಿಟ್ಟ ಮಕ್ಕಳ ಮುಖದಲ್ಲಿ ಮೊಡವೆ ಮೂಡುವುದು ಸಹಜ. ಆದರೆ ನಮ್ಮ ಮನೆಗಳಲ್ಲಿ ಅದು ಬಹುಬೇಗನೆ ವಿಚಾರಣೆಯ ವಿಷಯವಾಗುತ್ತದೆ. ಕರಿದ ತಿಂಡಿ ತಿಂದದ್ದರ ಫಲವೆಂದು ಒಬ್ಬರು, ಮುಖ ತೊಳೆಯದ ಸೋಮಾರಿತನವೆಂದು ಇನ್ನೊಬ್ಬರು ತೀರ್ಪು ನೀಡುತ್ತಾರೆ. ಹೆಣ್ಣುಮಗಳಾದರೆ ಸಂಬಂಧ ಕೇಳಿ ಬರುವವರ ಚಿಂತೆಯೂ ಸೇರಿಕೊಳ್ಳುತ್ತದೆ. ಈ ಮಾತುಗಳಲ್ಲಿ ಸತ್ಯವೆಷ್ಟು, ಅನ್ಯಾಯವೆಷ್ಟು ಎಂದು ಪರಿಶೀಲಿಸುವ ಅಗತ್ಯವಿದೆ.

ಆಹಾರಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೆಂದು ವೈದ್ಯಲೋಕ ದಶಕಗಳ ಕಾಲ ನಂಬಿತ್ತು. 1969ರಲ್ಲಿ ಅಮೆರಿಕದಲ್ಲಿ 65 ಮಂದಿಗೆ ಚಾಕಲೇಟ್ ತಿನ್ನಿಸಿ ನಡೆಸಿದ ಅಧ್ಯಯನವು ಈ ನಂಬಿಕೆಗೆ ಬಲ ನೀಡಿತು. ಆದರೆ ಹೋಲಿಕೆಗಾಗಿ ಕೊಟ್ಟ ತಿಂಡಿಯಲ್ಲೂ ಸಕ್ಕರೆ ಮತ್ತು ಕೊಬ್ಬು ಧಾರಾಳವಾಗಿತ್ತು. 2002ರಲ್ಲಿ ಸಂಶೋಧಕರು ಪಪುವಾ ನ್ಯೂಗಿನಿಯ ಕಿಟಾವ ದ್ವೀಪದ ಸುಮಾರು 1200 ಮಂದಿಯನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿ ತಿಂದು ಬದುಕುವ ಅವರಲ್ಲಿ ಒಬ್ಬರಿಗೂ ಮೊಡವೆ ಇರಲಿಲ್ಲ. 2007ರಲ್ಲಿ ಆಸ್ಟ್ರೇಲಿಯದಲ್ಲಿ 43 ಯುವಕರ ಮೇಲೆ 12 ವಾರಗಳ ಅಧ್ಯಯನ ನಡೆಯಿತು. ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಆಹಾರ ಸೇವಿಸಿದವರಲ್ಲಿ ಮೊಡವೆಗಳು ಹೆಚ್ಚು ಇಳಿದವು.

ಇದರ ಕಾರಣವನ್ನು ಹೀಗೆ ವಿವರಿಸಲಾಗುತ್ತದೆ: ಸಕ್ಕರೆ, ಮೈದಾ, ಸಿಹಿ ಪಾನೀಯಗಳು ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುತ್ತವೆ. ಅದನ್ನು ಇಳಿಸಲು ಇನ್ಸುಲಿನ್ ಹೆಚ್ಚಾಗಿ ಸ್ರವಿಸುತ್ತದೆ. ಅದರೊಂದಿಗೆ ಏರುವ ಇತರ ಹಾರ್ಮೋನುಗಳು ಚರ್ಮದ ಎಣ್ಣೆ ಗ್ರಂಥಿಗಳನ್ನು ಪ್ರಚೋದಿಸುತ್ತವೆ. ಹೆಚ್ಚಿನ ಎಣ್ಣೆ ಮತ್ತು ಸತ್ತ ಕೋಶಗಳು ರೋಮರಂಧ್ರವನ್ನು ಮುಚ್ಚಿ ಉರಿಯೂತ ಉಂಟುಮಾಡುತ್ತವೆ. ಕೆಲವು ಅಧ್ಯಯನಗಳಲ್ಲಿ ಹಾಲಿಗೂ ಮೊಡವೆಗೂ ನಂಟು ಕಂಡುಬಂದಿದೆಯಾದರೂ ಆ ಪುರಾವೆ ಅಷ್ಟು ಗಟ್ಟಿಯಾದುದಲ್ಲ.

ಆದ್ದರಿಂದ ಆಹಾರವು ಹಲವು ಕಾರಣಗಳಲ್ಲಿ ಒಂದು ಮಾತ್ರ. ಅನುವಂಶೀಯತೆ ಮತ್ತು ಹರೆಯದ ಹಾರ್ಮೋನುಗಳ ಪಾತ್ರ ದೊಡ್ಡದು. ಒಂದೇ ಹರಿವಾಣದಲ್ಲಿ ಉಂಡ ಅಣ್ಣನ ಮುಖ ಸ್ವಚ್ಛವಾಗಿದ್ದು ತಂಗಿಯ ಮುಖದಲ್ಲಿ ಮೊಡವೆ ತುಂಬಿರಬಹುದು. ಹಾಗಿರುವಾಗ ಆ ಹುಡುಗಿಯನ್ನು ಆರೋಪಿಯಾಗಿಸುವುದು ಯಾವ ನ್ಯಾಯ? ಪರಸ್ಪರ ಅಪಹಾಸ್ಯವನ್ನು ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ, ಅಲ್ಲಿ ಸ್ತ್ರೀಯರನ್ನು ಪ್ರತ್ಯೇಕವಾಗಿಯೂ ಉದ್ದೇಶಿಸಿದೆ. ಬಂಧುತ್ವದ ಸಲುಗೆಯು ಆ ನಿಷೇಧಕ್ಕೆ ವಿನಾಯಿತಿಯಲ್ಲ.

ಇನ್ನೊಂದು ಪ್ರಶ್ನೆ: ಮನೆಗೆ ಏನು ತರಬೇಕೆಂದು ನಿರ್ಧರಿಸುವವರು ಯಾರು? ಮಗಳೊಬ್ಬಳಿಗೆ ಪಥ್ಯ ವಿಧಿಸಿ, ಉಳಿದವರ ಮುಂದೆ ಪರೋಟ, ಬೇಕರಿ ತಿಂಡಿ, ತಂಪು ಪಾನೀಯ ಇಡುವುದು ಪಥ್ಯವಲ್ಲ, ಶಿಕ್ಷೆ. ರಮಝಾನಿನ ಇಫ್ತಾರ್‌ನಲ್ಲಂತೂ ಇಡೀ ದಿನದ ಸಂಯಮವನ್ನು ಶರಬತ್ತು ಮತ್ತು ಸಿಹಿತಿಂಡಿಗಳಲ್ಲಿ ನಾವು ಮುಳುಗಿಸಿಬಿಡುತ್ತೇವೆ. ಆಹಾರ ಹಲಾಲ್ ಆಗಿರಬೇಕೆಂಬ ವಿಷಯದಲ್ಲಿ ನಮ್ಮ ಎಚ್ಚರ ಶ್ಲಾಘನೀಯ. ಆದರೆ ಅಲ್ಲಾಹನು ಹಲಾಲ್‌ನ ಜೊತೆಗೇ ತಯ್ಯಿಬ್ ಎಂದೂ ಹೇಳಿದ್ದಾನೆ. ಶುದ್ಧವೂ ಉತ್ತಮವೂ ಆದುದನ್ನು ಉಣ್ಣಬೇಕೆಂಬ ಆ ಆದೇಶವನ್ನು ನಾವು ಎಷ್ಟು ಗಂಭೀರವಾಗಿ ಪರಿಗಣಿಸಿದ್ದೇವೆ? ಹೊಟ್ಟೆಯಲ್ಲಿ ಅನ್ನಕ್ಕೂ ನೀರಿಗೂ ಉಸಿರಿಗೂ ಒಂದೊಂದು ಪಾಲಿರಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ ಮಿತಿ ಎಲ್ಲ ವಯಸ್ಸಿನವರಿಗೂ ಅನ್ವಯಿಸುತ್ತದೆ. ಬೇಳೆಕಾಳು, ತರಕಾರಿ, ಮೀನು, ಇಡೀ ಹಣ್ಣುಗಳು ಹೆಚ್ಚಲಿ, ಸಕ್ಕರೆ ಮತ್ತು ಮೈದಾ ತಗ್ಗಲಿ. ಮೊಡವೆ ಪೂರ್ತಿ ಮಾಯವಾಗದಿದ್ದರೂ ಮಧುಮೇಹದ ಅಪಾಯವಾದರೂ ತಗ್ಗೀತು.

ನೋವು ಅಥವಾ ಕಲೆ ಉಳಿಸುವ ಮೊಡವೆಗೆ ಪಥ್ಯವೊಂದೇ ಸಾಲದು, ಚರ್ಮವೈದ್ಯರನ್ನು ಕಾಣಬೇಕು. ಅಂಗಡಿಯವರು ಕೊಡುವ ಸ್ಟಿರಾಯ್ಡ್ ಬೆರೆತ ಕ್ರೀಮ್‌ಗಳು ಮೊದಲು ಮುಖವನ್ನು ಬೆಳ್ಳಗೆ ತೋರಿಸಿ, ಬಳಿಕ ಚರ್ಮವನ್ನು ತೆಳುವಾಗಿಸಿ ಮೊಡವೆಯನ್ನು ಉಲ್ಬಣಿಸಬಲ್ಲವು. ಚಿಕಿತ್ಸೆ ಪಡೆಯುವಂತೆ ಪ್ರವಾದಿಯವರೇ(ಸ) ಆದೇಶಿಸಿರುವುದರಿಂದ ಅದು ತವಕ್ಕುಲ್‌ಗೆ ವಿರುದ್ಧವಲ್ಲ.

ಶರೀರವು ಅಲ್ಲಾಹನ ಅಮಾನತ್. ಮಕ್ಕಳ ಶರೀರದ ಹೊಣೆ ಹೆತ್ತವರದ್ದು, ಅವರ ಮನಸ್ಸಿನ ಹೊಣೆಯೂ ಹೆತ್ತವರದ್ದೇ. ಇಡೀ ಕುಟುಂಬ ಒಟ್ಟಾಗಿ ಊಟವನ್ನು ಬದಲಿಸಿಕೊಳ್ಳಲಿ, ಮಕ್ಕಳ ಮುಖದ ಕುರಿತ ಚುಚ್ಚುಮಾತು ಇಂದೇ ನಿಲ್ಲಲಿ.