ಕಣ್ಣಿಗೆ ಚಾಳೀಸು ಬಂತು, ಕಿವಿಯ ಗತಿ?

ಜಯನಗರ ನಾಲ್ಕನೇ ಬ್ಲಾಕಿನ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಸಂಜೆ ಐದು ನಿಮಿಷ ನಿಂತರೆ ಸಾಕು, ನಡುವಯಸ್ಸು ಹೇಗಿರುತ್ತದೆಂದು ಗೊತ್ತಾಗುತ್ತದೆ. ಮಾತ್ರೆಯ ಸ್ಟ್ರಿಪ್ ಕೈಗೆ ಬಂದೊಡನೆ ಮೊದಲು ಅದು ಕಣ್ಣಿನ ಹತ್ತಿರ ಬರುತ್ತದೆ, ಆಮೇಲೆ ಮೆಲ್ಲಗೆ ಹಿಂದೆ ಸರಿಯುತ್ತದೆ. ತೋಳು ಪೂರ್ತಿ ಚಾಚಿದರೂ ಅಕ್ಷರ ಕಾಣದಿದ್ದಾಗ, ‘ಎಕ್ಸ್‌ಪೈರಿ ಯಾವಾಗ ನೋಡಪ್ಪಾ’ ಎಂದು ಅಂಗಡಿ ಹುಡುಗನ ಕೈಗೇ ವಾಪಸು ಹೋಗುತ್ತದೆ. ಹಳಬರು ಇದಕ್ಕೆ ಚಾಳೀಸು ಎಂದರು. ಹಿಂದಿ-ಮರಾಠಿಯ ನಲವತ್ತು ನಮ್ಮಲ್ಲಿ ಕನ್ನಡಕದ ಹೆಸರಾಗಿ ಕೂತಿತು. ಚಾಳೀಸು ಬಂತೆಂದು ಯಾರೂ ನಾಚುವುದಿಲ್ಲ, ವಾರದೊಳಗೆ ಕನ್ನಡಕ ಬರುತ್ತದೆ.

ನಲವತ್ತು ದಾಟಿದ ಮೇಲೆ ಇನ್ನೊಂದು ಅಂಜಿಕೆಯೂ ಶುರುವಾಗುತ್ತದೆ. ಅದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಪರಿಚಿತರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಅಡುಗೆಮನೆಗೆ ಹೋಗಿ, ಯಾಕೆ ಬಂದದ್ದೆಂದು ಯೋಚಿಸುತ್ತಾ ನಿಲ್ಲಬೇಕಾಗುತ್ತದೆ. ಅಪ್ಪನಿಗೋ ಅತ್ತೆಗೋ ಕೊನೆಗಾಲದಲ್ಲಿ ಮರೆವಿನ ಕಾಯಿಲೆ (ಡಿಮೆನ್ಷಿಯಾ) ಬಂದಿದ್ದ ಮನೆಯಾದರೆ ಕೇಳುವುದೇ ಬೇಡ. ನೆನೆಸಿದ ಬಾದಾಮಿ, ಬ್ರಾಹ್ಮಿ ಮಾತ್ರೆ, ಮೊಬೈಲಿನಲ್ಲಿ ‘ಮಿದುಳಿಗೆ ಕಸರತ್ತು’ ಎಂಬ ಆಟ ಎಲ್ಲ ಬರುತ್ತವೆ. ಈ ಆಟಗಳ ಪೈಕಿ ಬಹಳ ಹೆಸರು ಮಾಡಿದ ಲುಮಾಸಿಟಿ ಕಂಪನಿ, ಮರೆವನ್ನು ತಡೆಯುತ್ತೇವೆಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪಕ್ಕೆ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಅಷ್ಟಕ್ಕೂ ನಡುವಯಸ್ಸಿನ ಮಿದುಳು ಜನ ಅಂದುಕೊಂಡಷ್ಟು ಸೋತಿರುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯಿ 1956ರಲ್ಲಿ ಆರಂಭಿಸಿದ ಅಧ್ಯಯನ ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಪರೀಕ್ಷಿಸುತ್ತಾ ದಶಕಗಟ್ಟಲೆ ನಡೆಯಿತು. ಕಂಡದ್ದನ್ನು ಗ್ರಹಿಸುವ ವೇಗ ಯೌವನದಿಂದಲೇ ಇಳಿಯುತ್ತಾ ಬರುತ್ತದೆ, ನಿಜ. ಪದಗಳ ಮೇಲಿನ ಹಿಡಿತ, ತರ್ಕ ಹೂಡುವ ಶಕ್ತಿ ಮಾತ್ರ ನಡುವಯಸ್ಸಿನಲ್ಲೇ ಮೇಲ್ಮಟ್ಟ ಮುಟ್ಟುತ್ತವೆ.

ಸಿಯಾಟಲ್‌ವರೆಗೆ ಯಾಕೆ ಹೋಗಬೇಕು? 2012ರ ನವೆಂಬರ್ 30ರಿಂದ ಡಿಸೆಂಬರ್ 2ರವರೆಗೆ ಬೆಂಗಳೂರಿನಲ್ಲಿ ಆರ್. ಗಣೇಶ್ ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು. ಆಗ ಅವರಿಗೆ ಐವತ್ತು ತುಂಬಲು ದಿನಗಳಷ್ಟೇ ಬಾಕಿ. ಅವಧಾನ ನೋಡಿದವರಿಗೆ ಗೊತ್ತು: ಒಬ್ಬ ಪೃಚ್ಛಕರು ಸಮಸ್ಯೆ ಕೊಡುತ್ತಾರೆ, ಇನ್ನೊಬ್ಬರು ಅಕ್ಷರಕ್ಕೆ ಅಕ್ಷರ ನಿಷೇಧಿಸುತ್ತಾರೆ, ಮತ್ತೊಬ್ಬರು ನಾಲ್ಕು ಪದ ಎಸೆದು ಪದ್ಯ ಕೇಳುತ್ತಾರೆ. ಪದ್ಯದ ಪಾದಗಳು ಒಂದೊಂದು ಸುತ್ತಿಗೆ ಒಂದೊಂದರಂತೆ ಬಿಡಿಬಿಡಿಯಾಗಿ ಹುಟ್ಟುತ್ತವೆ, ಕೊನೆಯಲ್ಲಿ ಎಲ್ಲವನ್ನೂ ನೆನಪಿನಿಂದ ಒಪ್ಪಿಸಬೇಕು. ಇದರ ನಡುವೆ ಅಪ್ರಸ್ತುತಪ್ರಸಂಗಿ ಎಂಬ ಮಹಾಶಯರು ಯಾವಾಗ ಬೇಕಾದರೂ ಬಾಯಿ ಹಾಕಿ ಬೇಡದ್ದನ್ನೆಲ್ಲ ಕೇಳುತ್ತಾರೆ. ಅವರಿಗೂ ಚಟಾಕಿಯ ಉತ್ತರ ಕೊಟ್ಟು ಅವಧಾನಿ ಬಿಟ್ಟ ಪಾದಕ್ಕೇ ಮರಳಬೇಕು.

ಎಲ್ಲರೂ ಗಣೇಶ್ ಆಗಲಾರರು. ಆದರೆ ಅವಧಾನ ಎಂದರೆ ಗಮನ ಎಂಬುದು ಎಲ್ಲರಿಗೂ ಸಲ್ಲುವ ಮಾತು. ಕನಕಪುರ ರಸ್ತೆಯ ಮೆಟ್ರೊದಲ್ಲಿ ಕೂತವರ ಕೈಯಲ್ಲಿ ಈಗ ಒಬ್ಬೊಬ್ಬ ಅಪ್ರಸ್ತುತಪ್ರಸಂಗಿ ಇದ್ದಾನೆ, ಅರ್ಧ ನಿಮಿಷಕ್ಕೊಮ್ಮೆ ಟಿಣ್ ಅನ್ನುತ್ತಾನೆ. ಕೀಲಿಕೈ ಎಲ್ಲಿಟ್ಟದ್ದೆಂದು ನೆನಪಾಗದೆ ಪರದಾಡುವವರಲ್ಲಿ ಬಹಳ ಮಂದಿಯ ಗಮನ ಕೀಲಿಕೈ ಇಡುವಾಗಲೇ ವಾಟ್ಸ್ಆ್ಯಪ್‌ನಲ್ಲಿತ್ತು. ಆ ತಪ್ಪನ್ನು ವಯಸ್ಸಿನ ತಲೆಗೆ ಕಟ್ಟುವುದು ಅನ್ಯಾಯ.

ಇನ್ನು ಕಿವಿ. ನಿಜವಾಗಿ ಚಿಂತೆ ಮಾಡಬೇಕಾದದ್ದು ಇಲ್ಲಿ.

ಬನಶಂಕರಿಯ ಯಾವುದೋ ಛತ್ರ, ವಾಲಗ ಜೋರಾಗಿದೆ. ಐವತ್ತೈದರ ಯಜಮಾನರನ್ನು ನೆಂಟರೊಬ್ಬರು, ‘ಮಗಳ ಮದುವೆ ಯಾವಾಗ ಸಾರ್?’ ಎಂದು ಕೇಳುತ್ತಾರೆ. ‘ಆಯ್ತು ಆಯ್ತು, ಈಗಷ್ಟೇ ಮೊದಲನೇ ಪಂಕ್ತೀಲಿ ಆಯ್ತು’ ಎಂದು ಇವರು ನಗುತ್ತಾರೆ. ಎದುರಿನವರೂ ನಕ್ಕು ಸುಮ್ಮನಾಗುತ್ತಾರೆ. ಇಂಥದ್ದು ನಾಲ್ಕು ಸಲ ಆದ ಮೇಲೆ ಯಜಮಾನರು ಮೂಲೆಯ ಕುರ್ಚಿ ಹಿಡಿಯುತ್ತಾರೆ, ಮುಂದಿನ ಮದುವೆಗೆ ಹೆಂಡತಿಯೊಬ್ಬರನ್ನೇ ಕಳಿಸುತ್ತಾರೆ. ಮನೆಯಲ್ಲಿ ಟಿ.ವಿ. ಸದ್ದು ಏರುತ್ತಾ ಹೋಗುತ್ತದೆ. ‘ಕಿವಿ ಮೆಷಿನ್’ ಎಂಬ ಮಾತು ಬಂದರೆ ಮಾತ್ರ ಸಿಟ್ಟು: ‘ನಾನೇನು ಮುದುಕನಾ?’

ಲ್ಯಾನ್ಸೆಟ್ ಪತ್ರಿಕೆಯ ಡಿಮೆನ್ಷಿಯಾ ಆಯೋಗ 2024ರ ವರದಿಯಲ್ಲಿ, ಬದಲಿಸಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಷಿಯಾ ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಅಂದಾಜಿಸಿತು. ಅದರಲ್ಲಿ ನಡುವಯಸ್ಸಿನ ಪಾಲು ದೊಡ್ಡದು. ಕೆಟ್ಟ ಕೊಲೆಸ್ಟರಾಲ್ ಮತ್ತು ಕಿವಿ ಮಂದವಾಗುವುದು, ಇವೆರಡರ ತೂಕ ಎಲ್ಲಕ್ಕಿಂತ ಹೆಚ್ಚು. ಅರ್ಧ ಕೇಳಿದ ಮಾತಿನ ಉಳಿದರ್ಧವನ್ನು ಊಹಿಸುವುದರಲ್ಲೇ ಮಿದುಳಿನ ಶ್ರಮ ಖರ್ಚಾಗುತ್ತದೆ. ಮೇಲಾಗಿ ಜನರ ಒಡನಾಟವೂ ಕಳಚುತ್ತದೆ. ಮೆಷಿನ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಅಮೆರಿಕದಲ್ಲಿ 977 ಹಿರಿಯರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯದ ಅಂಚಿನಲ್ಲಿದ್ದ ಗುಂಪಿನಲ್ಲಿ ಬುದ್ಧಿಶಕ್ತಿಯ ಇಳಿತ ಶೇ 48ರಷ್ಟು ನಿಧಾನವಾಯಿತು. ಬಾದಾಮಿಯ ಹೆಸರಿನಲ್ಲಿ ಇಷ್ಟು ಗಟ್ಟಿ ಪುರಾವೆ ಯಾರೂ ತೋರಿಸಿಲ್ಲ.

ಬಿ.ಪಿ., ಶುಗರ್ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಎರಡೂ ಹೃದಯಕ್ಕೆ ಎಷ್ಟು ಕೆಡುಕೋ ಮಿದುಳಿಗೂ ಅಷ್ಟೇ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಬಿಟಿಎಂ ಲೇಔಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್ ಮುಗಿಸಿ, ಒಂದರವರೆಗೆ ಮೊಬೈಲ್ ಉಜ್ಜಿ, ಬೆಳಿಗ್ಗೆ ಆರಕ್ಕೆ ಮಕ್ಕಳ ಟಿಫನ್ ಬಾಕ್ಸಿಗೆ ಏಳುವವರು ನಿದ್ರೆಯ ಲೆಕ್ಕ ಹಾಕುವುದು ಒಳ್ಳೆಯದು. ಬ್ರಿಟನ್ನಿನ ಸುಮಾರು 8,000 ಸರ್ಕಾರಿ ನೌಕರರನ್ನು 25 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, 50ರಿಂದ 70ರವರೆಗೂ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಿಗೆ ಡಿಮೆನ್ಷಿಯಾದ ಅಪಾಯ ಶೇ 30ರಷ್ಟು ಹೆಚ್ಚಿತ್ತು. ಸಸ್ಯಾಹಾರಿಗಳೇ ತುಂಬಿದ ಜಯನಗರದ ಮನೆಗಳಲ್ಲಿ ಬಿ12 ಕೊರತೆ ಮರೆವಿನ ವೇಷದಲ್ಲಿ ಬರಬಹುದು, ಥೈರಾಯ್ಡ್ ಕೂಡ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ತಲೆ ಮಂಕು ಕವಿದಂತಾಗುವುದು ಸಾಮಾನ್ಯ. ಅವರಿಗೆ ‘ನಿನಗೆ ಈಗೀಗ ಅರಳುಮರಳು’ ಎಂದು ಚುಚ್ಚುವವರಿಗೆ ಚಿಕಿತ್ಸೆ ಏನೋ!

ದಕ್ಷಿಣ ಬೆಂಗಳೂರಿನ ಕೈಯಲ್ಲಿ ಇನ್ನೊಂದು ಸಂಪತ್ತಿದೆ, ಅದು ಭಾಷೆ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಅಂದರೆ ಜಯನಗರ ಮಾರ್ಕೆಟ್ಟಿನಲ್ಲಿ ತಮಿಳಿನಲ್ಲಿ ಚೌಕಾಶಿ ಕೇಳಿ, ತೆಲುಗಿನಲ್ಲಿ ಗದರಿ, ಕನ್ನಡದಲ್ಲಿ ಚಿಲ್ಲರೆ ಎಣಿಸುವ ಸೊಪ್ಪಿನಮ್ಮ ದಿನವಿಡೀ ಮಾಡುವ ಕಸರತ್ತು ಯಾವ ಆ್ಯಪಿಗೂ ಕಡಿಮೆಯಿಲ್ಲ. ಆ ಲಾಭ ಬದುಕಿಡೀ ಎರಡು ಭಾಷೆ ಆಡಿದವರದ್ದು. ನಲವತ್ತೈದಕ್ಕೆ ಕಲಿಯಹೊರಟವರಿಗೂ ಅಷ್ಟೇ ಸಿಗುತ್ತದೆಂದು ಆ ಅಧ್ಯಯನ ಹೇಳುವುದಿಲ್ಲ. ಹಾಗಿದ್ದರೂ ಇಪ್ಪತ್ತು ವರ್ಷದಿಂದ ಜೆಪಿ ನಗರದಲ್ಲಿದ್ದು ‘ಕನ್ನಡ್ ಗೊತ್ತಿಲ್ಲ’ದಲ್ಲೇ ನಿಂತವರು ಮನೆ ಬಾಗಿಲಲ್ಲೇ ಇರುವ ಪಾಠವನ್ನು ಬಿಟ್ಟುಕೊಡುತ್ತಿದ್ದಾರೆ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವರ್ಷಗಟ್ಟಲೆ ನಡೆಸುತ್ತಿರುವ ಅಧ್ಯಯನಕ್ಕೆ ಸೇರಿಸಿಕೊಳ್ಳುವುದು 45 ದಾಟಿದವರನ್ನು. ಅರವತ್ತಕ್ಕೆ ಶುರುಮಾಡಿದರೆ ತಡವಾಯಿತು ಎಂದು ವಿಜ್ಞಾನಿಗಳಿಗೆ ಗೊತ್ತು. ದೇಶದಲ್ಲಿ ಅರವತ್ತು ಮೀರಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು.

ಮನಸ್ಸು ಕುಗ್ಗಿದ್ದರೂ ಮರೆವು ಹೆಚ್ಚುತ್ತದೆ. ಅಂಥವರಿಗೆ ನಿಮ್ಹಾನ್ಸ್ ದೂರವಿಲ್ಲ, ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕಿವಿಗೆ ಮಾತ್ರ ಇಷ್ಟು ಸಲೀಸಾದ ಬಾಗಿಲಿಲ್ಲ. ವಾರ್ಡಿನ ‘ನಮ್ಮ ಕ್ಲಿನಿಕ್’ನಲ್ಲಿ ಬಿ.ಪಿ., ಶುಗರ್ ನೋಡುವ ಜಾಗದಲ್ಲೇ 45 ದಾಟಿದ ಪ್ರತಿಯೊಬ್ಬರ ಕಿವಿಯನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸುವ ಏರ್ಪಾಡನ್ನು ಸರ್ಕಾರ ಮಾಡಬೇಕು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥದ್ದನ್ನು ಇಟ್ಟುಕೊಂಡ ರಾಜ್ಯಕ್ಕೆ ತಜ್ಞರಿಲ್ಲ ಎನ್ನುವ ನೆಪ ಒಪ್ಪುವುದಿಲ್ಲ. ಅಲ್ಲಿಯವರೆಗೆ, ಮುಂದಿನ ಸಲ ಚಾಳೀಸಿನ ಪವರ್ ನೋಡಿಸಲು ಹೊರಟಾಗ ಕಿವಿಯನ್ನೂ ತೋರಿಸಿಕೊಂಡು ಬನ್ನಿ.