ವಿದ್ಯಾರ್ಥಿ ನಿಲಯದ ಹಿಂಸೆ ಮತ್ತು ಉಪಗೂಹನದ ದುರುಪಯೋಗ

ಜೈನ ಸಮಾಜದ ಅಹಿಂಸಾಚರಣೆಗೆ ಹೊರಗಿನವರ ಪ್ರಮಾಣಪತ್ರ ಬೇಕಾಗಿಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಕಂದಮೂಲವನ್ನು ವರ್ಜಿಸುವ ಶ್ರಾವಕರ ಮನೆಗಳು ಇಂದಿಗೂ ಊರೂರಿನಲ್ಲಿವೆ. ದೆಹಲಿಯ ಕೆಂಪುಕೋಟೆಯ ಎದುರಿಗಿರುವ ಲಾಲ್ ಮಂದಿರದಲ್ಲಿ ಹಕ್ಕಿಗಳಿಗಾಗಿಯೇ ಒಂದು ಆಸ್ಪತ್ರೆಯಿದೆ. ರೆಕ್ಕೆ ಮುರಿದ ಪಾರಿವಾಳಕ್ಕೂ ಅಲ್ಲಿ ಶುಶ್ರೂಷೆ ದೊರೆಯುತ್ತದೆ. ಇಷ್ಟು ಸೂಕ್ಷ್ಮವಾದ ಕರುಣೆಯು, ಇದೇ ಸಮಾಜದ ದಾನದಿಂದ ನಡೆಯುವ ಶಾಲೆಯ ಹಿಂಬದಿಯ ಮೆಟ್ಟಿಲ ಬಳಿ, ವಿದ್ಯಾರ್ಥಿ ನಿಲಯದ ಸ್ನಾನದ ಮನೆಯ ಸಾಲಿನಲ್ಲಿ, ದೀಪ ಆರಿದ ಮೇಲಿನ ಮಲಗುವ ಕೋಣೆಯಲ್ಲಿ ಏಕೆ ಕಣ್ಣು ಮುಚ್ಚಿಕೊಳ್ಳುತ್ತದೆ?

ವಿದ್ಯಾರ್ಥಿ ನಿಲಯಗಳ ಒಳಗನ್ನು ಬಲ್ಲವರಿಗೆ ಅಲ್ಲಿನ ಚಿತ್ರ ಅಪರಿಚಿತವಲ್ಲ. ಹಳ್ಳಿಯಿಂದ ಬಂದ ಹನ್ನೊಂದರ ಬಾಲಕನಿಗೆ ಮೊದಲ ವಾರದಲ್ಲಿಯೇ ಒಂದು ಅಡ್ಡಹೆಸರು ಬೀಳುತ್ತದೆ. ಅದು ಮೈಬಣ್ಣಕ್ಕಿರಬಹುದು, ತೊದಲು ಮಾತಿಗಿರಬಹುದು, ತಂದೆಯ ಕಸುಬಿಗಿರಬಹುದು. ಎರಡನೆಯ ವಾರದಲ್ಲಿ ಹಿರಿಯ ವಿದ್ಯಾರ್ಥಿಗಳ ಬಟ್ಟೆ ಒಗೆಯುವ ಹೊಣೆ ಅವನ ಪಾಲಿಗೆ ಬರುತ್ತದೆ. ತಾಯಿ ಕಟ್ಟಿಕೊಟ್ಟ ಚಕ್ಕುಲಿಯ ಡಬ್ಬಿ ಅವನ ಕಣ್ಣೆದುರಿನಲ್ಲಿಯೇ ಬರಿದಾಗುತ್ತದೆ. ಎದುರಾಡಿದರೆ ಹೊಡೆತ, ಇಲ್ಲವೇ ಶೌಚಾಲಯದ ಬಾಗಿಲಿಗೆ ಹೊರಗಿನಿಂದ ಚಿಲಕ. ಮಲಗಿದಾಗ ತಲೆಗೂದಲು ಕತ್ತರಿಸುವುದು ಒಂದು ದೊಡ್ಡ ವಿನೋದ. ಬಾಲಕಿಯರಲ್ಲಿ ಈ ಪೀಡನೆಗೆ ಸದ್ದು ಕಡಿಮೆ. ಊಟದ ಸಾಲಿನಲ್ಲಿ ಒಬ್ಬಳ ಪಕ್ಕದ ಜಾಗ ದಿನವೂ ಖಾಲಿ ಉಳಿಯುತ್ತದೆ, ಅವಳು ಬಂದೊಡನೆ ಮಾತು ನಿಲ್ಲುತ್ತದೆ, ಅಷ್ಟೆ. ಈಗಂತೂ ಮೊಬೈಲಿನ ಗುಂಪುಗಳು ಬಂದಿರುವುದರಿಂದ ಶಾಲೆಯ ಗಂಟೆ ಹೊಡೆದರೂ ಅಪಹಾಸ್ಯ ಮುಗಿಯುವುದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ದಶಲಕ್ಷಣ ಪರ್ವದಲ್ಲಿ ವರ್ಷವರ್ಷವೂ ಕೇಳುವ ಶ್ರಾವಕರು ಈ ಚಿತ್ರವನ್ನು ಅದರೊಡನೆ ಹೋಲಿಸಿ ನೋಡಬೇಕು. ಅಹಿಂಸಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೊರಿಸುವುದು, ಆಹಾರ ನೀರನ್ನು ತಡೆಯುವುದು. ಇವುಗಳನ್ನು ವಿವರಿಸುವಾಗ ಪ್ರವಚನಕಾರರು ಎತ್ತು ಕುದುರೆಗಳ ಉದಾಹರಣೆ ಕೊಡುವುದು ವಾಡಿಕೆ. ಎತ್ತಿನ ಬಗ್ಗೆ ಹೇಳಿದ್ದು ಮಗುವಿಗೆ ಅನ್ವಯಿಸದೆ? ಚಿಲಕ ಹಾಕಿದ ಶೌಚಾಲಯವು ಬಂಧ. ಬೆನ್ನಿನ ಮೇಲಿನ ಗುದ್ದು ವಧ. ಒಗೆಯಲಿಕ್ಕೆ ಹೊರಿಸಿದ ಬಟ್ಟೆಯ ಗಂಟು ಅತಿಭಾರ. ಕಸಿದುಕೊಂಡ ಡಬ್ಬಿ ಅನ್ನಪಾನನಿರೋಧ. ಕತ್ತರಿಸಿದ ಕೂದಲು ಛೇದವಲ್ಲದಿದ್ದರೂ ಅದರ ನೆರೆಹೊರೆಯದು. ಗೃಹಸ್ಥನೊಬ್ಬನ ವ್ರತವನ್ನು ಕೆಡಿಸುವ ಐದೂ ದೋಷಗಳು ಒಂದೇ ಸೂರಿನಡಿ, ಜಿನಬಿಂಬದ ಭಾವಚಿತ್ರವಿರುವ ಗೋಡೆಯ ಕೆಳಗೆ ನಡೆಯುತ್ತಿರುವಾಗ ಅದಕ್ಕೆ ‘ಮಕ್ಕಳಾಟ’ವೆಂಬ ಹೆಸರು ಸಲ್ಲುವುದಿಲ್ಲ.

‘ತಮಾಷೆಗೆ ಮಾಡಿದ್ದು’ ಎಂಬ ಸಮಾಧಾನವನ್ನು ಜೈನ ಶಾಸ್ತ್ರ ಒಪ್ಪುವುದೇ ಇಲ್ಲ. ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಹಾಸ್ಯಕ್ಕೂ ಸ್ಥಾನವಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿಂದ್ಯವಾದ ನುಡಿಯನ್ನು ವಿವರಿಸುವಾಗ ಚಾಡಿ ಮತ್ತು ಕರ್ಕಶ ಮಾತುಗಳ ಜೊತೆಯಲ್ಲಿಯೇ ಅಪಹಾಸ್ಯದ ಮಾತನ್ನೂ ಸೇರಿಸಿ ಅಸತ್ಯದ ಪಂಕ್ತಿಯಲ್ಲಿಟ್ಟಿದ್ದಾರೆ. ನಗು ಬಂದವನಿಗೆ ಅದು ತಮಾಷೆ. ಕನ್ನಡದಲ್ಲಿ ಅದಕ್ಕೆ ‘ಗೋಳುಹೊಯ್ದುಕೊಳ್ಳುವುದು’ ಎಂಬ ಮಾತಿದೆ, ಗೋಳು ಯಾರದೆಂಬುದನ್ನು ಭಾಷೆಯೇ ಮರೆತಿಲ್ಲ.

ಇನ್ನೊಂದು ಸಮಾಧಾನವು ಇದಕ್ಕಿಂತ ಅಪಾಯಕಾರಿ. ‘ಅದು ಆ ಹುಡುಗನ ಪೂರ್ವಕರ್ಮದ ಉದಯ, ಸಹಿಸಿಕೊಳ್ಳಲಿ, ಉತ್ತಮಕ್ಷಮೆ ಕಲಿಯಲಿ’ ಎಂದು ಹೇಳುವ ಹಿರಿಯರಿದ್ದಾರೆ. ಮರುಭೂತಿಯ ಜೀವವನ್ನು ಭವಭವಾಂತರಗಳಲ್ಲಿ ಬೆನ್ನಟ್ಟಿದ ಕಮಠನನ್ನು ಯಾವ ಪುರಾಣವೂ ‘ಮರುಭೂತಿಯ ಕರ್ಮಕ್ಕೆ ನಿಮಿತ್ತನಾದವನು’ ಎಂದು ಕ್ಷಮಿಸಿ ಬಿಟ್ಟಿಲ್ಲ. ನಿಮಿತ್ತನಾದವನು ತನ್ನ ಪಾಲಿನ ಕರ್ಮವನ್ನು ಹೊಸದಾಗಿ ಕಟ್ಟಿಕೊಳ್ಳುತ್ತಾನೆ. ಬೈಗುಳವನ್ನು ಸಹಿಸುವ ಆಕ್ರೋಶ ಪರೀಷಹವೂ, ಹೊಡೆತವನ್ನು ಸಹಿಸುವ ವಧ ಪರೀಷಹವೂ ಇಪ್ಪತ್ತೆರಡು ಪರೀಷಹಗಳಲ್ಲಿವೆ, ನಿಜ. ಆದರೆ ಅವು ತಾನಾಗಿ ದೀಕ್ಷೆ ಪಡೆದ ಮುನಿಗೆ ಹೇಳಿದವು. ಗೃಹಸ್ಥನಿಗೇ ಸಂಕಲ್ಪಹಿಂಸೆಯ ತ್ಯಾಗವನ್ನು ವಿಧಿಸಿ, ಆತ್ಮರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧಿ ಹಿಂಸೆಯಲ್ಲಿ ವಿನಾಯಿತಿ ಕೊಟ್ಟ ಧರ್ಮವು, ಆರನೆಯ ತರಗತಿಯ ಮಗುವಿನ ಮೇಲೆ ಮುನಿಧರ್ಮವನ್ನು ಹೇರಲು ಯಾರಿಗೂ ಅಧಿಕಾರ ಕೊಟ್ಟಿಲ್ಲ.

ಆಡಳಿತ ಮಂಡಳಿಗಳ ಸಭೆಗಳಲ್ಲಿ ಮಾತ್ರ ಇವೆಲ್ಲಕ್ಕಿಂತ ಹೆಚ್ಚು ಚಲಾವಣೆಯಲ್ಲಿರುವುದು ‘ಉಪಗೂಹನ’ವೆಂಬ ಪದ. ದೂರು ಹೊರಗೆ ಹೋದರೆ ಸಂಸ್ಥೆಯ ಮರ್ಯಾದೆ ಹೋಗುತ್ತದೆ, ಧರ್ಮಕ್ಕೆ ಅಪಕೀರ್ತಿ ಬರುತ್ತದೆ. ದೋಷವನ್ನು ಮುಚ್ಚುವುದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಲ್ಲವೇ ಎಂದು ಕೇಳುತ್ತಾರೆ. ಹೊಡೆದ ಹುಡುಗನ ತಂದೆ ಕಟ್ಟಡಕ್ಕೆ ದೇಣಿಗೆ ಕೊಟ್ಟವನಾಗಿದ್ದರೆ ಈ ಅಂಗದ ನೆನಪು ಇನ್ನೂ ಬೇಗ ಬರುತ್ತದೆಂಬುದು ಬೇರೆ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಈ ಅಂಗವನ್ನು ಹೇಳುವಾಗ ಬಳಸಿರುವ ಕ್ರಿಯಾಪದಕ್ಕೆ ‘ಒರೆಸಿ ತೊಳೆಯುವುದು’ ಎಂದರ್ಥ. ಅಜ್ಞರಿಂದಲೂ ಅಶಕ್ತರಿಂದಲೂ ಶುದ್ಧ ಮಾರ್ಗಕ್ಕೆ ತಗಲಿದ ನಿಂದೆಯನ್ನು ಒರೆಸಬೇಕು ಎಂದರು ಅವರು. ಕೊಳೆಯ ಮೇಲೆ ಚಾಪೆ ಹಾಸಿ ಎನ್ನಲಿಲ್ಲ.

ಈ ಅಂಗಕ್ಕೆ ದೃಷ್ಟಾಂತವಾಗಿರುವ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನಾದರೂ ಪೂರ್ತಿಯಾಗಿ ಓದಬೇಕು. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನೊಬ್ಬ ಶ್ರೇಷ್ಠಿಯ ಚೈತ್ಯಾಲಯದ ರತ್ನವನ್ನು ಕದ್ದು ಓಡುವಾಗ ಸಿಕ್ಕಿಬಿದ್ದ. ‘ರತ್ನವನ್ನು ತರಲು ಹೇಳಿದವನು ತಾನೇ’ ಎಂದು ಶ್ರೇಷ್ಠಿ ಜನರೆದುರಿಗೆ ನುಡಿದು ಧರ್ಮದ ಮಾನವನ್ನು ಕಾಪಾಡಿದ. ಸಭೆಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಅದೇ ರಾತ್ರಿ ಶ್ರೇಷ್ಠಿ ಆ ವೇಷಧಾರಿಯನ್ನು ಹೊರಗಟ್ಟಿದನೆಂದು ಕಥೆ ಮುಂದುವರಿಯುತ್ತದೆ. ಚೈತ್ಯಾಲಯದ ಕಾವಲನ್ನು ಅವನಿಗೇ ಮತ್ತೆ ಒಪ್ಪಿಸಲಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು, ಕಳವಾದದ್ದು ಶ್ರೇಷ್ಠಿಯ ಸ್ವಂತ ರತ್ನ. ತನ್ನ ನಷ್ಟವನ್ನು ನುಂಗಿಕೊಳ್ಳುವ ಹಕ್ಕು ಅವನಿಗಿತ್ತು. ಬೇರೆಯವರ ಮಗುವಿನ ನೋವನ್ನು ನುಂಗಿಕೊಳ್ಳುವ ಹಕ್ಕು ಯಾವ ಅಧ್ಯಕ್ಷನಿಗಿದೆ, ಯಾವ ಕಾರ್ಯದರ್ಶಿಗಿದೆ?

ಮುಚ್ಚಿಟ್ಟದ್ದರ ಫಲವೇನೆಂಬುದನ್ನು ನಾರ್ವೆ ದೇಶ ಬಹಳ ದುಬಾರಿಯಾಗಿ ಕಲಿಯಿತು. ೧೯೮೨ರ ಕೊನೆಯಲ್ಲಿ ಅದರ ಉತ್ತರ ಭಾಗದಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಪೀಡನೆಯೇ ಅದಕ್ಕೆ ಕಾರಣವೆಂದು ಭಾವಿಸಲಾಯಿತು. ಮರುವರ್ಷ ಅಲ್ಲಿನ ಸರ್ಕಾರ ರಾಷ್ಟ್ರವ್ಯಾಪಿ ಕಾರ್ಯಕ್ರಮವನ್ನು ಆರಂಭಿಸಿತು. ೧೯೭೦ರ ದಶಕದಿಂದಲೂ ಈ ವಿಷಯವನ್ನು ಅಭ್ಯಸಿಸುತ್ತಿದ್ದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಬರ್ಗೆನ್ ನಗರದ ೪೨ ಶಾಲೆಗಳ ಸುಮಾರು ೨,೫೦೦ ಮಕ್ಕಳನ್ನು ಎರಡೂವರೆ ವರ್ಷ ಗಮನಿಸಿ, ಪೀಡನೆ ಸುಮಾರು ಅರ್ಧಕ್ಕೆ ಇಳಿದುದನ್ನು ತೋರಿಸಿದರು. ಅವರ ಉಪಾಯದಲ್ಲಿ ಚಮತ್ಕಾರವೇನೂ ಇರಲಿಲ್ಲ: ವಿರಾಮದ ವೇಳೆಯಲ್ಲಿ ಹಿರಿಯರ ಕಣ್ಣು, ತರಗತಿಗೆ ಸ್ಪಷ್ಟವಾದ ನಿಯಮ, ನಿಯಮ ಮೀರಿದವನೊಡನೆ ಗಂಭೀರವಾದ ಮಾತು, ಎರಡೂ ಕಡೆಯ ಪಾಲಕರಿಗೆ ತಿಳಿವಳಿಕೆ. ಸಮಬಲರ ಜಗಳವನ್ನು ಅವರು ಪೀಡನೆಯೆನ್ನಲಿಲ್ಲ. ಬಲದಲ್ಲಿ ಹೆಚ್ಚಿನವನು, ತಡೆಯಲಾರದವನನ್ನು, ಮತ್ತೆ ಮತ್ತೆ ನೋಯಿಸುವುದೇ ಪೀಡನೆ ಎಂದರು. ಆದುದರಿಂದಲೇ ಇಬ್ಬರನ್ನೂ ಮುಖ್ಯೋಪಾಧ್ಯಾಯರ ಕೋಣೆಗೆ ಕರೆಸಿ ಕೈ ಕುಲುಕಿಸಿ ಕ್ಷಮಾವಣಿ ಹೇಳಿಸುವ ರಾಜಿ ನಿಷ್ಪ್ರಯೋಜಕ. ಆ ಸಂಜೆ ಮೆಟ್ಟಿಲ ಬಳಿ ದೂರಿನ ಬಾಕಿ ಬಡ್ಡಿ ಸಹಿತ ಚುಕ್ತಾ ಆಗುತ್ತದೆ.

ನೋಡುತ್ತ ನಿಂತವರ ವಿಚಾರವೂ ಇದೆ. ಕೆನಡಾದ ಸಂಶೋಧಕರು ಆಟದ ಮೈದಾನಗಳಲ್ಲಿ ಚಿತ್ರೀಕರಣ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಪಾಠಿಯೊಬ್ಬ ನಡುವೆ ಪ್ರವೇಶಿಸಿದಾಗ ಅರ್ಧಕ್ಕಿಂತ ಹೆಚ್ಚಿನ ಪ್ರಸಂಗಗಳಲ್ಲಿ ಪೀಡನೆ ಹತ್ತು ಸೆಕೆಂಡಿನೊಳಗೆ ನಿಂತಿತ್ತು. ಜೈನರಿಗೆ ಇದು ಹೊಸ ತತ್ತ್ವವಾಗಬಾರದು. ಸಂರಂಭ, ಸಮಾರಂಭ, ಆರಂಭ, ಮನ, ವಚನ, ಕಾಯ, ಕೃತ, ಕಾರಿತ, ಅನುಮೋದನ, ನಾಲ್ಕು ಕಷಾಯ. ಇವುಗಳನ್ನು ಗುಣಿಸಿದಾಗ ಬರುವ ೧೦೮ ಪ್ರಕಾರಗಳಲ್ಲಿ ಮೂರನೆಯ ಒಂದು ಭಾಗ, ಎಂದರೆ ೩೬, ಬರಿಯ ಅನುಮೋದನಕ್ಕೆ ಸೇರಿದವು. ಜಪಮಾಲೆಯ ಮಣಿ ಎಣಿಸುವವರು ಈ ಲೆಕ್ಕವನ್ನೂ ಎಣಿಸಬೇಕು. ಸುತ್ತ ನಿಂತು ನಕ್ಕ ಹುಡುಗ, ಮೊಬೈಲಿನಲ್ಲಿ ಚಿತ್ರ ಹಿಡಿದವನು, ಕೇಳಿಯೂ ಕೇಳದಂತೆ ಬಾಗಿಲು ಹಾಕಿಕೊಂಡ ವಾರ್ಡನ್, ದೂರಿನ ಪತ್ರವನ್ನು ಹರಿದುಹಾಕಿದ ಪದಾಧಿಕಾರಿ, ಎಲ್ಲರೂ ಆ ಮೂವತ್ತಾರರೊಳಗೆ ಎಲ್ಲಿಯೋ ಇದ್ದಾರೆ. ಪಾರ್ಶ್ವನಾಥ ಸ್ವಾಮಿಗೆ ಉಪಸರ್ಗವಾದಾಗ ಧರಣೇಂದ್ರನು ‘ಅದು ಅವರ ಕರ್ಮ’ ಎನ್ನಲಿಲ್ಲ, ಹೆಡೆ ಬಿಚ್ಚಿದ. ಆ ಹೆಡೆಯ ಬಿಂಬವಿರುವ ಬಸದಿಗಳು ಕರ್ನಾಟಕದಲ್ಲಿ ಎಷ್ಟಿಲ್ಲ!

ಕಾನೂನು ಈ ವಿಷಯದಲ್ಲಿ ಶಾಸ್ತ್ರಕ್ಕಿಂತ ತಡವಾಗಿ ಬಂದರೂ ಬಂದಿದೆ. ಕರ್ನಾಟಕ ಶಿಕ್ಷಣ ಅಧಿನಿಯಮ, ೧೯೮೩ ರ‍್ಯಾಗಿಂಗನ್ನು ವ್ಯಾಖ್ಯಾನಿಸಿ ದಂಡನೀಯವಾಗಿಸಿದೆ. ೨೦೦೯ರ ಶಿಕ್ಷಣ ಹಕ್ಕು ಅಧಿನಿಯಮದ ೧೭ನೆಯ ಪ್ರಕರಣ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಸಂಸ್ಥೆಯ ಮರ್ಯಾದೆ ನ್ಯಾಯಾಲಯದ ಮೆಟ್ಟಿಲ ಮೇಲೆ ಉಳಿಯುವುದಕ್ಕಿಂತ ಮಂಡಳಿಯ ಮೇಜಿನ ಮೇಲೆ ಉಳಿಯುವುದು ಸುಲಭ.

ಪೀಡಿಸುವ ಮಗು ಎಲ್ಲಿಂದ ಬರುತ್ತದೆ? ಸಮಂತಭದ್ರರು ಎಣಿಸಿದ ಎಂಟು ಮದಗಳಲ್ಲಿ ಕುಲ, ಜಾತಿ, ಬಲ, ಸಂಪತ್ತು, ರೂಪ ಇವೆಲ್ಲ ಮೊದಲು ಊಟದ ಮನೆಯಲ್ಲಿ ಬಡಿಸಲ್ಪಡುತ್ತವೆ. ಬಾಡಿಗೆದಾರನ ಮಗನನ್ನು ಅಣಕಿಸಿದ ಹುಡುಗನಿಗೆ ‘ಹುಲಿಯಂಥ ಮಗ’ವೆಂದು ಬೆನ್ನು ತಟ್ಟುವ ತಂದೆ ಅವನನ್ನು ಬಸದಿಗೂ ಕರೆದೊಯ್ಯುತ್ತಾನೆ. ನಿಲಯದಲ್ಲಿ ವಾರ್ಡನ್ ಬೆತ್ತ ಹಿಡಿದರೆ, ಅಥವಾ ನಾಲ್ವರು ಹಿರಿಯ ವಿದ್ಯಾರ್ಥಿಗಳಿಗೆ ಶಿಸ್ತಿನ ಹೊಣೆ ಒಪ್ಪಿಸಿ ತಾನು ವಿಶ್ರಮಿಸಿದರೆ, ಮಿಕ್ಕ ಪಾಠ ತಾನಾಗಿ ನಡೆಯುತ್ತದೆ. ಇಂತಹ ಮಗುವನ್ನು ಮೊದಲ ದಿನವೇ ಹೊರಹಾಕಬೇಕೆಂದಲ್ಲ. ಉಪಗೂಹನದ ಮರುಗಳಿಗೆಯಲ್ಲಿಯೇ ಸ್ಥಿತಿಕರಣವೆಂಬ ಅಂಗವಿದೆ. ಜಾರಿದವನನ್ನು ಮತ್ತೆ ನಿಲ್ಲಿಸುವುದಕ್ಕೆ ಅವನು ಜಾರಿದ್ದಾನೆಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ. ಆದರೆ ಇಂದು ನಡೆಯುತ್ತಿರುವುದು ತಿರುಗುಮುರುಗು: ನೊಂದ ಮಗುವೇ ವರ್ಗಾವಣೆ ಪತ್ರ ಪಡೆದು ಟ್ರಂಕು ಹೊತ್ತು ಊರಿಗೆ ಮರಳುತ್ತದೆ, ನೋಯಿಸಿದವನು ವಾರ್ಷಿಕೋತ್ಸವದಲ್ಲಿ ಮಂಗಳಾಚರಣೆ ಹಾಡುತ್ತಾನೆ.

ಸಮಾಜ ಬಾಂಧವರ ಇತಿಹಾಸದಲ್ಲಿಯೇ ಒಂದು ಪ್ರಸಂಗವಿದೆ. ೧೮೮೭ರಲ್ಲಿ ಕುಂಭೋಜದಲ್ಲಿ ಜನಿಸಿದ ಭಾವುರಾವ್ ಪಾಟೀಲರನ್ನು ಕೊಲ್ಲಾಪುರದ ಜೈನ ಬೋರ್ಡಿಂಗ್ ಹೊರಹಾಕಿತು. ಅಸ್ಪೃಶ್ಯರೆನಿಸಿದವರ ಸಮಾರಂಭಕ್ಕೆ ಹೋಗಿ ಬಂದು ಸ್ನಾನ ಮಾಡದೆ ಇದ್ದುದು ಅವರ ಅಪರಾಧ. ಹೊರಗೆ ಬಿದ್ದ ಆ ಹುಡುಗ ೧೯೧೯ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು, ೧೯೨೪ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ವಸತಿಗೃಹ ತೆರೆದರು. ಅಂದು ನಿಯಮ ಜಾರಿಮಾಡುವ ಧೈರ್ಯವಿತ್ತು. ಅದು ಬಿದ್ದದ್ದು ತಪ್ಪು ಜಾಗದಲ್ಲಿ. ಇಂದು ಬೀಳಬೇಕಾದ ಜಾಗದಲ್ಲಿಯೂ ಬೀಳುತ್ತಿಲ್ಲ.

ಮಂಡಳಿಗಳಿಂದ ಅಪೇಕ್ಷಿಸುವುದು ಹೆಚ್ಚೇನಲ್ಲ. ಸ್ನಾನದ ವೇಳೆ, ಊಟದ ಸಾಲು, ದೀಪ ಆರಿದ ಮೊದಲ ಗಂಟೆ, ಈ ಮೂರು ಹೊತ್ತಿನಲ್ಲಿ ಸಂಬಳ ಪಡೆಯುವ ಹಿರಿಯರೊಬ್ಬರು ಎಚ್ಚರವಾಗಿ ಅಲ್ಲಿರಲಿ. ಹೆಸರಿಲ್ಲದೆ ದೂರು ಹಾಕುವ ಪೆಟ್ಟಿಗೆಯಿರಲಿ, ಅದರ ಬೀಗದ ಕೈ ವಾರ್ಡನ್ನರ ಬಳಿ ಇರದಿರಲಿ. ಮಕ್ಕಳ ಸಹಾಯವಾಣಿ ೧೦೯೮ರ ಸಂಖ್ಯೆಯನ್ನು ಮಲಗುವ ಕೋಣೆಯ ಬಾಗಿಲ ಒಳಬದಿಯಲ್ಲಿ ಬರೆಸಲಿ. ವಾರ್ಷಿಕ ಸಾಮಾನ್ಯ ಸಭೆಯ ವರದಿಯಲ್ಲಿ ಪಂಚಕಲ್ಯಾಣದ ಸವಾಲುಗಳ ಮೊತ್ತದ ಕೆಳಗೆ ಇನ್ನೊಂದು ಸಾಲು ಸೇರಲಿ: ಈ ವರ್ಷ ನಿಲಯದಿಂದ ಎಷ್ಟು ಮಕ್ಕಳು ನಡುವೆ ಬಿಟ್ಟು ಹೋದರು, ಏಕೆ ಹೋದರು.